ದಾಕು ಏಳದ ಹಟ್ಟಿ

ಲಸಿಕೆ ಇಲಾಖೆಯ ಇನ್ಸ್‌ಪೆಕ್ಟರರ ಚೀಟಿ ಬಂದಾಗ ನಾನು ಕೋತಗಿರಿಯ ಬಾಡಿಗೆ ಕೋಣೆಯಲ್ಲಿ ಬಿಸಿನೀರಿಗೆ ಕಾಲು ಇಳಿಬಿಟ್ಟು ಕುಳಿತಿದ್ದೆ. ಅದಕ್ಕೆ ಹಿಂದಿನ ಹನ್ನೊಂದು ದಿನ ಹಟ್ಟಿಯಿಂದ ಹಟ್ಟಿಗೆ ನಡೆದು ಎರಡೂ ಹಿಮ್ಮಡಿ ಒಡೆದಿದ್ದವು. ಚೀಟಿಯಲ್ಲಿದ್ದದ್ದು ಮೂರೇ ಸಾಲು. ಕೀಳ್ ಕೋತಗಿರಿ ಕಡೆಯ ಒಂದು ಎಸ್ಟೇಟಿನ ಕೂಲಿಯವರ ಲೈನುಮನೆಗಳಲ್ಲಿ ಸಿಡುಬು ಕಂಡಿದೆ. ಅದರ ಮೇಲಿನ ಏಳು ಹಟ್ಟಿಗಳ ಮಕ್ಕಳಿಗೆಲ್ಲ ಹತ್ತು ದಿನದೊಳಗೆ ದಾಕು, ಅಂದರೆ ಸಿಡುಬಿನ ಲಸಿಕೆ, ಹಾಕಿ ಮುಗಿಸಬೇಕು. ಜೊತೆಯ ವ್ಯಾಕ್ಸಿನೇಟರ್ ಜ್ವರದಲ್ಲಿ ಮಲಗಿರುವುದರಿಂದ ಅವನ ಪಾಲಿನ ಹಟ್ಟಿಗಳೂ ನನ್ನವೇ. ಓದಿ ಮುಗಿಸುವಷ್ಟರಲ್ಲಿ ನೀರು ತಣ್ಣಗಾಗಿತ್ತು.

ಆಗ ನಾನಿನ್ನೂ ಹಂಗಾಮಿ ವ್ಯಾಕ್ಸಿನೇಟರ್. ಖಾಯಂ ಆಗುವುದು ಬಿಡುವುದು ಅದೇ ಇನ್ಸ್‌ಪೆಕ್ಟರರ ಒಂದು ಮಾತಿನ ಮೇಲೆ ನಿಂತಿತ್ತು. ಅವರಿಗೆ ಮಾತಿಗಿಂತ ಪಟ್ಟಿ ಮುಖ್ಯ: ಎಷ್ಟು ತೋಳು, ಎಷ್ಟು ದಿನ, ಎಷ್ಟು ಎದ್ದವು. ದಾಕು ಹಾಕಿದ ಎಂಟನೆಯ ದಿನ ತೋಳಿನ ಮೇಲೆ ನಾಲ್ಕು ನೀರುಗುಳ್ಳೆ ತುಂಬಿ ನಿಂತಿದ್ದರೆ ದಾಕು ಎದ್ದಿತು ಎಂದು ಲೆಕ್ಕ, ಮಗುವಿಗೆ ರಕ್ಷಣೆ ಸಿಕ್ಕಿತು ಎಂದು ಅರ್ಥ. ಬರಿಯ ಗೀರು ಒಣಗಿ ಹೋಗಿದ್ದರೆ ಮಾಡಿದ್ದೆಲ್ಲ ದಂಡ.

ಆ ವರ್ಷವೇ ಒಂದು ಹೊಸ ಸುತ್ತೋಲೆ ಬಂದಿತ್ತು. ಅಲ್ಲಿಯವರೆಗೆ ತೋಳನ್ನು ಸೋಪು ನೀರಿನಿಂದ ತೊಳೆದು ಬಟ್ಟೆಯಲ್ಲಿ ಒರೆಸಿ ಗೀರುತ್ತಿದ್ದೆವು. ಇನ್ನು ಮುಂದೆ ಸ್ಪಿರಿಟ್ಟಿನಲ್ಲಿ ಒರೆಸಬೇಕು, ಅದು ಒಣಗಿದ ಮೇಲೆ ಗೀರಬೇಕು. ಎರಡು ದಿನ ಕೊಯಮತ್ತೂರಿಗೆ ಕರೆಸಿ ಕಲಿಸಿದರು. ತಗಡಿನ ಮಾಡಿನ ಕೋಣೆ, ಕೆಂಡದಂಥ ಬಿಸಿಲು. ಹತ್ತಿಯನ್ನು ಕೆಳಗಿಡುವಷ್ಟರಲ್ಲಿ ತೋಳು ಒಣಗಿರುತ್ತಿತ್ತು. ಒಣಗುವುದು ಎಂಬುದು ಬೇರೆಯೇ ಒಂದು ಕೆಲಸ ಎಂದು ನನ್ನ ತಲೆಗೆ ಹೋಗಲೇ ಇಲ್ಲ. ಇನ್ನೊಂದು ಮಾತನ್ನೂ ಹೇಳಿಬಿಡುತ್ತೇನೆ. ನಮ್ಮದು ಈ ಬೆಟ್ಟದಲ್ಲಿ ತಲೆತಲಾಂತರದಿಂದ ಇರುವ ಲಿಂಗ ಕಟ್ಟಿದ ಮನೆತನ, ಹೆಂಡ ಸಾರಾಯಿ ಮುಟ್ಟದವರು. ಸ್ಪಿರಿಟ್ಟಿನ ಬಾಟಲಿ ತೆರೆದರೆ ಸಾರಾಯಿಯ ನಾತ ಮೂಗಿಗೆ ಹೊಡೆಯುತ್ತಿತ್ತು. ಮುಖ ಅತ್ತ ತಿರುಗಿಸಿ ಒರೆಸಿ, ಬೇಗ ಮುಗಿಸಿ ಮುಚ್ಚಿಟ್ಟರೆ ಸಾಕು ಅನ್ನಿಸುತ್ತಿತ್ತು.

ಮೊದಲ ಮೂರು ಹಟ್ಟಿ ಚೆನ್ನಾಗಿ ನಡೆದವು. ಅವು ಮೂಡಣ ಇಳಿಜಾರಿನಲ್ಲಿರುವ ಹಟ್ಟಿಗಳು, ಕಾರ್ತಿಕ ಮಾಸವಾದರೂ ಮಧ್ಯಾಹ್ನದವರೆಗೆ ಬಿಸಿಲಿತ್ತು. ನಾಲ್ಕನೆಯದು ಬೆಟ್ಟದ ಏಣಿನ ತುದಿಯಲ್ಲಿತ್ತು. ಅಲ್ಲಿಗೆ ಏರಿದಾಗ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಮನೆಸಾಲಿನ ಈ ತುದಿಯಿಂದ ಆ ತುದಿ ಕಾಣುತ್ತಿರಲಿಲ್ಲ. ಪೆಟ್ಟಿಗೆ ಇಳಿಸಿ ಊರ ಗೌಡನನ್ನು ಕರೆಸಿದೆ. ಬಿಳಿ ಮುಂಡಾಸಿನ ಎತ್ತರದ ಮನುಷ್ಯ. ವಯಸ್ಸಿನಲ್ಲಿ ನನಗಿಂತ ಹಿರಿಯನಾದರೂ ನಮ್ಮ ಮನೆತನಕ್ಕೆ ಅವರು ಕೊಡುವ ಮರ್ಯಾದೆಯಂತೆ ತಲೆ ಬಾಗಿಸಿದ. ನಾನು ಅವನ ತಲೆ ಮುಟ್ಟಿ ಹರಸಿದೆ.

"ಅಯ್ಯಾ, ಇಂದು ಸೋವಾರ," ಎಂದ. "ನಂಗ ಇಂದು ಏರೂ ಕಟ್ಟೋದಿಲ್ಲೆ. ಮಕ್ಕಳ ಮೇಲೆ ನೆತ್ತರೂ ಕಾಣಿಸೋದಿಲ್ಲೆ. ನಾಳೆ ಬೆಳಿಗ್ಗೆ ನಿಂಗ ಹೇಳಿದ ಹೊತ್ತಿಗೆ ಎಲ್ಲಾ ಮಕ್ಕಳೂ ಇರುತ್ತಾರೆ."

(ಹಟ್ಟಿಯವರ ಮಾತನ್ನು ಕೆಳಗಿನ ಸೀಮೆಯವರಿಗೂ ತಿಳಿಯುವಷ್ಟು ತಿದ್ದಿ ಬರೆಯುತ್ತಿದ್ದೇನೆ, ಅವರ ಬಾಯಲ್ಲಿ ಅದು ಇನ್ನೂ ಚಂದ. ನಂಗ ಎಂದರೆ ನಾವು, ನಿಂಗ ಎಂದರೆ ನೀವು, ಏರು ಎಂದರೆ ನೇಗಿಲು.) ಸೋಮವಾರ ನನಗೂ ಶಿವನ ವಾರವೇ. ಜಗಳಕ್ಕೆ ದಾರಿಯಿರಲಿಲ್ಲ. ಆದರೂ ಒಂದು ದಿನ ಕೈಬಿಟ್ಟಿತಲ್ಲ ಎಂದು ಒಳಗೇ ಕುದಿದೆ. ಹಟ್ಟಿಯ ಅಂಚಿನಲ್ಲಿದ್ದ ಶಾಲೆಯ ಕೊಠಡಿಯಲ್ಲಿ ಕಂಬಳಿ ಹೊದ್ದು ಆ ಇಡೀ ದಿನ ಇನ್ಸ್‌ಪೆಕ್ಟರರ ಪಟ್ಟಿಯನ್ನೇ ಮನಸ್ಸಿನಲ್ಲಿ ಕೂಡಿಸುತ್ತ ಕುಳಿತೆ.

ಸಿಟ್ಟಿಗೆ ನನ್ನ ಬಳಿ ಒಂದು ಉಪಾಯವಿತ್ತು. ಅದನ್ನು ಕಲಿಸಿದವರು ನನ್ನ ಸೋದರಮಾವ. ಲಿಂಗಪೂಜೆ ಬಿಟ್ಟರೆ ಬೇರೆ ಓದು ಬರಹ ಹೆಚ್ಚಿಲ್ಲದ ಮನುಷ್ಯ. ನಾನು ಈ ಕೆಲಸಕ್ಕೆ ಸೇರಿದ ಹೊಸದರಲ್ಲಿ ಜನರ ಮೇಲೆ ಹರಿಹಾಯುವುದನ್ನು ಕೇಳಿ ಹೇಳಿದ್ದರು: "ಸಿಟ್ಟು ಬಂದರೆ ಓಡಿಸಬೇಡ ಕಣೋ, ಹಾಗಂತ ಎಲೆ ಹಾಕಿ ಬಡಿಸಲೂ ಬೇಡ. ಜಗಲಿ ಮೇಲೆ ಕೂರಿಸಿ ಕೇಳು: ಯಾರಪ್ಪಾ ನೀನು, ಯಾವ ಹಟ್ಟಿ, ಯಾರ ಮನೆಯವನು, ಏನು ಬೇಕಾಗಿ ಬಂದೆ? ಅದರ ಬಾಯಿಂದ ಉತ್ತರ ಬರುವವರೆಗೂ ಎದ್ದು ಹೋಗಬೇಡ."

ನಾನು ಅದರಲ್ಲಿ ಪ್ರಶ್ನೆಯನ್ನು ಇಟ್ಟುಕೊಂಡು ಉತ್ತರಕ್ಕೆ ಕಾಯುವುದನ್ನು ಬಿಟ್ಟಿದ್ದೆ. ಸಿಟ್ಟು ಬಂದ ಕೂಡಲೇ 'ಯಾರಿಗೆ ಬಂತು?' ಎಂದು ಕೇಳಿಕೊಳ್ಳುವುದು, 'ನನಗಲ್ಲ, ಈ ದೇಹಕ್ಕೆ' ಎಂದು ನಾನೇ ಹೇಳಿಕೊಳ್ಳುವುದು, ಮುಖ ಸಪಾಟಾಗುವುದು, ಕೆಲಸ ಮುಂದುವರಿಯುವುದು. ಜನ ನನ್ನನ್ನು ಶಾಂತ ಸ್ವಭಾವದವನು ಅನ್ನುತ್ತಿದ್ದರು. ಇನ್ಸ್‌ಪೆಕ್ಟರರೂ ಒಮ್ಮೆ ಹಾಗೆಂದಿದ್ದರು, ನಾನು ಒಂದು ವಾರ ಆ ಮಾತಿನ ಮೇಲೆಯೇ ಬದುಕಿದ್ದೆ.

ಮಂಗಳವಾರ ಬೆಳಿಗ್ಗೆ ಮನೆಸಾಲಿನ ಮುಂದೆ ಕೆಲಸ ಸುರುವಾಯಿತು. ಮಂಜು ಒಂದಿಷ್ಟೂ ಸರಿದಿರಲಿಲ್ಲ. ಕ್ರಮ ಹೀಗೆ: ಎಡಗೈಯಲ್ಲಿ ಮಗುವಿನ ತೋಳನ್ನು ಹಿಂದಿನಿಂದ ಹಿಡಿದು ಚರ್ಮ ಬಿಗಿಯಾಗುವಂತೆ ಎಳೆಯಬೇಕು. ಬಲಗೈಯಲ್ಲಿ ಸ್ಪಿರಿಟ್ಟಿನ ಹತ್ತಿ. ಆಮೇಲೆ ದೀಪದ ಜ್ವಾಲೆಗೆ ಹಿಡಿದು ಆರಿಸಿದ ಲ್ಯಾನ್ಸೆಟ್ಟು ಎಂಬ ಚೂಪು ಅಲಗಿನಿಂದ ನಾಲ್ಕು ಕಡೆ ನೆತ್ತರು ಒಸರೀತು ಎನ್ನುವಷ್ಟೇ ಗೀರಬೇಕು. ಗಾಜಿನ ಸಣ್ಣ ನಳಿಗೆಯ ತುದಿ ಮುರಿದು ಅದರೊಳಗಿನ ಲಿಂಫನ್ನು, ಅಂದರೆ ದಾಕಿನ ದ್ರವವನ್ನು, ಗೀರಿನ ಮೇಲೆ ಸವರಬೇಕು. ಅದು ಹೀರಿಕೊಳ್ಳುವವರೆಗೆ ಮಗು ತೋಳು ಮುಚ್ಚಬಾರದು.

ಮೊದಲ ಮಗು ಒದ್ದ ಒದೆತಕ್ಕೆ ದೀಪ ಉರುಳಿತು. ಎರಡನೆಯದು ನನ್ನ ಹೆಬ್ಬೆರಳು ಕಚ್ಚಿತು. ಮೂರನೆಯದರ ತಾಯಿ ಮನೆಯೊಳಗೆ ಹೋದವಳು ಹೊರಗೆ ಬರಲೇ ಇಲ್ಲ. ಸುತ್ತ ಅಳು, ಕೂಗು, ಬೈಗುಳ. 'ಯಾರಿಗೆ ಬಂತು? ನನಗಲ್ಲ.' ಒರೆಸು, ಗೀರು, ಸವರು, ಮುಂದಿನದು. 'ಯಾರಿಗೆ ಬಂತು?' ಒರೆಸು, ಗೀರು, ಸವರು. ಎಷ್ಟು ಬೇಗ ಕೈ ಓಡಿತೆಂದರೆ ಮಧ್ಯಾಹ್ನಕ್ಕೆ ಮೊದಲೇ ಇಡೀ ಹಟ್ಟಿ ಮುಗಿಯಿತು. ಕಳೆದುಹೋದ ಸೋಮವಾರವನ್ನು ವಾಪಸು ಗಳಿಸಿದೆ ಎಂದು ಹೆಮ್ಮೆಯೂ ಆಯಿತು.

ಕೊನೆಗೆ ಬಂದವಳು ಒಬ್ಬ ಹೆತ್ತೆ. ನಮ್ಮ ಕಡೆ ಅಜ್ಜಿಗೆ ಹಾಗೆನ್ನುತ್ತಾರೆ. ಬಿಳಿಯ ಬಟ್ಟೆ ಸುತ್ತಿ, ತಲೆಗೆ ಬಿಳಿಯ ವಸ್ತ್ರ ಬಿಗಿದು, ಆರು ವರ್ಷದ ಮೊಮ್ಮಗಳ ಕೈ ಹಿಡಿದು ತಂದಳು. ಹುಡುಗಿಯ ಹೆಸರು ಮಾದಿ. ಅವಳು ಅಳಲಿಲ್ಲ. ತೋಳು ನೀಡಿ ನನ್ನ ಮುಖವನ್ನೇ ನೋಡುತ್ತ ನಿಂತಳು.

"ಕುತ್ತಿದ ಮೇಲೆ ಅಮ್ಮ ಬರೋದಿಲ್ಲೆಯಾ?" ಎಂದು ಹೆತ್ತೆ ಕೇಳಿದಳು. ಕುತ್ತುವುದು ಎಂದರೆ ಚುಚ್ಚುವುದು, ಅಮ್ಮ ಎಂದರೆ ಸಿಡುಬು. ಹಟ್ಟಿಗಳಲ್ಲಿ ಅದನ್ನು ಯಾರೂ ಬೇರೆ ಹೆಸರಿನಲ್ಲಿ ಕರೆಯುವುದಿಲ್ಲ.

"ಬರುವುದಿಲ್ಲ," ಎಂದೆ. ನನ್ನ ಕಣ್ಣು ಪಟ್ಟಿಯ ಮೇಲಿತ್ತು. ಎಂಟನೆಯ ದಿನ ನೋಡಿದ ಮೇಲೆ ಹೇಳುತ್ತೇನೆ ಎನ್ನಬೇಕಾಗಿತ್ತು. ಒಂದು ಮಾತಿನಲ್ಲಿ ಮುಗಿಯುವುದನ್ನು ಮೂರು ಮಾತು ಮಾಡಲು ನನಗೆ ಬೇಸರವಾಯಿತು.

ಮುಂದಿನ ವಾರ ಉಳಿದ ಹಟ್ಟಿಗಳಲ್ಲಿ ಕಳೆಯಿತು. ಮೂರೂ ಹಟ್ಟಿ ತಗ್ಗಿನಲ್ಲಿದ್ದವು, ಗಾಳಿ ಬಿಸಿಲು ಎರಡೂ ಇದ್ದವು. ನಡುವೆ ಮೊದಲ ಹಟ್ಟಿಯ ತೋಳುಗಳನ್ನು ನೋಡಿ ಬಂದೆ. ಒಂದೆರಡು ಬಿಟ್ಟರೆ ಎಲ್ಲವೂ ಎದ್ದಿದ್ದವು. ಎಂಟನೆಯ ದಿನ ಏಣಿನ ಹಟ್ಟಿಗೆ ಏರಿದೆ. ಹಿಂದಿನ ಮೂರು ದಿನ ಸರಿಯಾಗಿ ಉಂಡಿರಲಿಲ್ಲ. ಮಂಜು ಹಾಗೆಯೇ ಇತ್ತು.

ಮೊದಲ ಮಗುವಿನ ತೋಳಿನ ಬಟ್ಟೆ ಸರಿಸಿದೆ. ನಾಲ್ಕು ಸಣ್ಣ ಗೀರು, ಅದರ ಮೇಲೆ ಒಣಗಿದ ಕಂದು ಹಕ್ಕಳೆ. ಗುಳ್ಳೆಯಿಲ್ಲ. ಎರಡನೆಯದೂ ಹಾಗೆ. ಮೂರು, ನಾಲ್ಕು, ಹತ್ತು, ಇಪ್ಪತ್ತು. ಇಡೀ ಹಟ್ಟಿಯಲ್ಲಿ ಸರಿಯಾಗಿ ಎದ್ದದ್ದು ಐದೇ ತೋಳು. ನನ್ನ ಕಿವಿ ಬಿಸಿಯಾಯಿತು.

"ತೊಳೆದಿದ್ದೀರಿ!" ಎಂದು ಕೂಗಿದೆ. "ಹರಳೆಣ್ಣೆ ಹಚ್ಚಿ ಉಜ್ಜಿದ್ದೀರಿ! ನಾನು ಸಾಯುತ್ತ ಬಂದು ಹಾಕಿ ಹೋಗುವುದು, ನೀವು ಒಲೆಯ ಬೂದಿ ಹಾಕಿ ಉಜ್ಜಿ ತೆಗೆಯುವುದು!" ವ್ಯಾಕ್ಸಿನೇಟರುಗಳ ಬಾಯಲ್ಲಿ ಈ ಮಾತು ಯಾವಾಗಲೂ ಸಿದ್ಧವಾಗಿರುತ್ತದೆ. ಕೆಲವೊಮ್ಮೆ ನಿಜವೂ ಆಗಿರುತ್ತದೆ. ಆದರೆ ಅವತ್ತು 'ಯಾರಿಗೆ ಬಂತು' ಎಂದು ಕೇಳಿಕೊಳ್ಳುವಷ್ಟೂ ಪುರುಸೊತ್ತಾಗಲಿಲ್ಲ. ಇಷ್ಟು ದಿನ ಬಿರಡೆ ಹಾಕಿಟ್ಟದ್ದೆಲ್ಲ ಒಂದೇ ಸಲ ಹೊರಗೆ ಬಂತು.

ಹೆತ್ತೆ ಮುಂದೆ ಬಂದಳು. ಮುಂಗೈ ಚಾಚಿ ಅದರ ಮೇಲಿನ ಹಳೆಯ ಹಚ್ಚೆಯನ್ನು ತೋರಿಸಿದಳು, ಹಸಿರು ಚುಕ್ಕೆಗಳ ಸಾಲು.

"ಇದು ಕುತ್ತಿಸಿದಾಗ ನಾ ಮಾದಿಯಷ್ಟು ಇದ್ದೆ. ಹಚ್ಚೆಯಾಕೆ ಒಂದು ಚುಕ್ಕೆ ಕುತ್ತುವಳು, ಎನ್ನ ಮೋರೆ ನೋಡುವಳು, ಆರಲಿ ಎಂದು ಕಾಯುವಳು, ಆಮೇಲೆ ಇನ್ನೊಂದು. ನೀ ಒಂದು ಮಗುವಿನ ಮೋರೆಯನ್ನೂ ನೋಡಿಲ್ಲೆ. ಸಿಡುಕಿಕೊಂಡು ಕುತ್ತಿದೆ. ಅದುಕ್ಕೇ ಏಳಿಲ್ಲೆ."

"ನಿನಗೇನು ಗೊತ್ತು ಮುದುಕಿ, ಬಾಯಿ ಮುಚ್ಚು!" ಎಂದೆ.

ಅಷ್ಟು ಹಿರಿಯ ಹೆಂಗಸಿಗೆ ಆ ಹಟ್ಟಿಯಲ್ಲಿ ಯಾರೂ ಹಾಗೆ ಹೇಳಿರಲಾರರು. ಗೌಡ ನೆಲ ನೋಡಿದ. ಹೆತ್ತೆ ಮನೆಯ ಕಡೆ ನಡೆದಳು. ಅವಳ ಜೊತೆ ಮಾದಿ ಇರಲಿಲ್ಲ ಎಂಬುದು ಆಗ ನನ್ನ ಗಮನಕ್ಕೂ ಬರಲಿಲ್ಲ. ಪೆಟ್ಟಿಗೆ ಎತ್ತಿಕೊಂಡು ಶಾಲೆಯ ಕೊಠಡಿಗೆ ಬಂದು ಅದನ್ನು ನೆಲಕ್ಕೆ ಕುಕ್ಕಿದೆ. ಸ್ಪಿರಿಟ್ಟಿನ ಬಾಟಲಿಯ ಬಿರಡೆ ಸಡಿಲವಾಗಿ, ಹಿಡಿಯಲು ಹೋದ ಎಡ ಅಂಗೈ ತೋಯ್ದು ಹೋಯಿತು. ಪಂಚೆಗೆ ಒರೆಸಿಕೊಂಡು ವರದಿ ಬರೆಯಲು ಕುಳಿತೆ.

ವರದಿ ಸರಾಗವಾಗಿ ಬಂತು. ಸರಬರಾಜಾದ ಲಿಂಫು ದಾರಿಯಲ್ಲಿ ಕೆಟ್ಟಿದ್ದು, ಆದ ಕಾರಣ ದಾಕು ಎದ್ದಿಲ್ಲ. ಜೊತೆಗೆ ಜನರ ಅಜ್ಞಾನದ ನಡತೆಯೂ ಸೇರಿದೆ. ಬರೆಯುವಾಗಲೇ ಗೊತ್ತಿತ್ತು, ಅದೇ ಡಬ್ಬದ ನಳಿಗೆಗಳು ಮೊದಲ ಹಟ್ಟಿಯಲ್ಲಿ ಚೆನ್ನಾಗಿ ಎದ್ದಿವೆ ಎಂದು. ಪಟ್ಟಿಯಲ್ಲಿ ಡಬ್ಬದ ಗುರುತು ನನ್ನದೇ ಅಕ್ಷರದಲ್ಲಿತ್ತು. ಇನ್ಸ್‌ಪೆಕ್ಟರರು ಅಷ್ಟು ಹಿಂದಕ್ಕೆ ಹಾಳೆ ತಿರುವುವುದಿಲ್ಲ ಎಂಬುದೂ ಗೊತ್ತಿತ್ತು. ರುಜು ಹಾಕಲು ಹೋದಾಗ ಎಡಗೈ ಊರಿದ್ದ ಕಡೆ ಮಸಿ ಕಲಸಿಕೊಂಡಿತ್ತು. ಇನ್ನೊಂದು ಹಾಳೆಯಲ್ಲಿ ನಕಲು ಮಾಡಬೇಕಲ್ಲ ಎಂದು ಬೇಸರಪಟ್ಟು ಹಾಗೆಯೇ ಬಿಟ್ಟೆ.

ಹೊತ್ತು ಇಳಿಯುತ್ತಿತ್ತು. ಕೈಕಾಲು ತೊಳೆದು, ಹಣೆಗೆ ವಿಭೂತಿ ಹಚ್ಚಿ, ಕೊರಳಿನ ಕರಡಿಗೆಯಿಂದ ಲಿಂಗವನ್ನು ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡೆ. ಪೂಜೆಯಾಗದೆ ಉಣ್ಣುವಂತಿಲ್ಲ. ಆ ವಾರವೆಲ್ಲ ಆ ಪೂಜೆಯನ್ನೂ ಒರೆಸು ಗೀರು ಸವರು ಮಾಡಿದಂತೆಯೇ ಮುಗಿಸಿದ್ದೆ. ಅವತ್ತು ಕಣ್ಣು ಲಿಂಗದ ಮೇಲೆ ನಿಲ್ಲಲಿಲ್ಲ. ತೊಳೆದರೂ ಅಂಗೈಯಲ್ಲಿ ಸ್ಪಿರಿಟ್ಟಿನ ನಾತ ಉಳಿದಿತ್ತು. ಸಿಟ್ಟು ಮತ್ತೆ ಏರಿತು. ಈ ಸಲ ಮಾವ ಹೇಳಿದಂತೆ ಮಾಡೋಣ ಅನ್ನಿಸಿತು. ದೊಡ್ಡ ವಿವೇಕವೇನಲ್ಲ, ಎದ್ದು ಬೇರೆ ಕೆಲಸ ಮಾಡಲು ಮೈಯಲ್ಲಿ ಶಕ್ತಿಯಿರಲಿಲ್ಲ.

ಯಾರಪ್ಪಾ ನೀನು? ಹೆತ್ತೆಯ ಮೇಲಿನ ಸಿಟ್ಟು. ಅವಳೇನಂದಳು? ನಾನು ಮಕ್ಕಳ ಮುಖ ನೋಡಲಿಲ್ಲ ಎಂದಳು. ಅದು ಸುಳ್ಳೋ? ಅಲ್ಲ. ಸುಳ್ಳಲ್ಲದ ಮಾತಿಗೆ ಇಷ್ಟು ಉರಿಯೇಕೆ? ಇಲ್ಲಿ ಬಹಳ ಹೊತ್ತು ಏನೂ ಬರಲಿಲ್ಲ. ಎದ್ದು ಹೋಗಲಿಲ್ಲ. ಆಮೇಲೆ ಬಂತು: ಹೆದರಿಕೆ. ಯಾವುದರ ಹೆದರಿಕೆ, ಕೆಲಸ ಹೋಗುತ್ತದೆ ಎಂದೋ? ಅದೂ ಇತ್ತು, ಆದರೆ ಅದರ ಕೆಳಗೆ ಇನ್ನೊಂದು ಕುಳಿತಿತ್ತು. ತಪ್ಪು ನನ್ನ ಕೈಯದಾಗಿದ್ದರೆ ಇಡೀ ಹಟ್ಟಿಗೆ ಮೊದಲಿನಿಂದ ಹಾಕಬೇಕು. ಅದಕ್ಕೆ ನನ್ನಲ್ಲಿ ತ್ರಾಣವಿಲ್ಲ. ನಾನು ಅಷ್ಟು ದಣಿದಿದ್ದೇನೆ, ಮಕ್ಕಳಿಗೆ ಅಮ್ಮ ಬಂದರೆ ಬರಲಿ, ತಪ್ಪು ಲಿಂಫಿನದಾಗಿರಲಿ ಎಂದು ಬಯಸುವಷ್ಟು ದಣಿದಿದ್ದೇನೆ. ಇಷ್ಟು ಗೊತ್ತಾದಾಗ ನನಗೆ ನಾಚಿಕೆಯಾಯಿತು. ಅತ್ತುಬಿಟ್ಟೆ ಎಂದು ಹೇಳಿಕೊಳ್ಳಲು ಈಗ ಸಂಕೋಚವಿಲ್ಲ.

ಆ ಮೇಲೆ ತಲೆ ತಿಳಿಯಾಯಿತು. ಹಾಳೆಯ ಮೇಲೆ ಮಸಿ ಏಕೆ ಕಲಸಿತು? ಅಂಗೈ ಒದ್ದೆಯಿತ್ತು. ಚೆಲ್ಲಿ, ಒರೆಸಿಕೊಂಡು, ಅರ್ಧ ಪುಟ ಬರೆದ ಮೇಲೂ ಒದ್ದೆಯಿತ್ತು. ಪೂಜೆ ಮುಗಿಸಿ ಲಿಂಗವನ್ನು ಕರಡಿಗೆಯಲ್ಲಿಟ್ಟೆ. ಊಟದ ಬುತ್ತಿ ಬಿಚ್ಚುವ ಮೊದಲು ಹತ್ತಿಗೆ ಸ್ಪಿರಿಟ್ಟು ಹಾಕಿ, ಬಾಗಿಲಾಚೆ ಮಂಜಿನಲ್ಲಿ ನಿಂತು, ನನ್ನದೇ ತೋಳನ್ನು ಮಕ್ಕಳಿಗೆ ಒರೆಸಿದಂತೆ ಒರೆಸಿ ಉಸಿರು ಎಣಿಸಿದೆ. ಹತ್ತು. ಇಪ್ಪತ್ತು. ನಲವತ್ತು ಎಣಿಸಿದಾಗಲೂ ಬೆರಳಿಗೆ ತೇವ ಹತ್ತುತ್ತಿತ್ತು. ಅವತ್ತು ನಾನು ಒಂದು ಉಸಿರಿನಷ್ಟೂ ಕಾದಿರಲಿಲ್ಲ. ಒದ್ದೆ ತೋಳಿನ ಮೇಲೆ ಗೀರಿ, ಹಸಿ ಸ್ಪಿರಿಟ್ಟಿನ ಮೇಲೆ ಲಿಂಫು ಸವರಿ, ಅದನ್ನು ಅಲ್ಲಿಯೇ ಕೊಂದಿದ್ದೆ. ಕೊಯಮತ್ತೂರಿನ ಬಿಸಿಲಿನಲ್ಲಿ ಕಲಿತದ್ದನ್ನು ಬೆಟ್ಟದ ಮಂಜಿನಲ್ಲಿ ಹಾಗೆಯೇ ಮಾಡಿದ್ದೆ, ಬೆಟ್ಟದಲ್ಲಿ ಹುಟ್ಟಿದವನಾಗಿ.

ಹಾಸಿಗೆಯಲ್ಲಿ ಮಲಗಿ ಎರಡು ದಾರಿಯನ್ನೂ ನೋಡಿದೆ. ಲಿಂಫು ಕೆಟ್ಟಿತ್ತು ಎಂದರೆ ನಾನು ಉಳಿಯುತ್ತೇನೆ. ಆದರೆ ಮದ್ದೇ ಕೆಟ್ಟದ್ದು ಎಂದು ಹಟ್ಟಿಯವರ ಮನಸ್ಸಿಗೆ ಹೋದರೆ ಇನ್ನೊಮ್ಮೆ ತೋಳು ನೀಡುವವರು ಯಾರು? ಲೈನುಗಳ ಸಿಡುಬು ಕಣ್ಣಳತೆಯ ದೂರದಲ್ಲಿತ್ತು. ಮದ್ದು ಒಳ್ಳೆಯದು, ಕೈ ಕೆಟ್ಟದ್ದು ಎಂದರೆ ಮಾತ್ರ ಅವರು ಇನ್ನೊಮ್ಮೆ ಬಂದಾರು. ಅದೂ ಅದೇ ಕೈಗೆ ಬಂದಾರೆಯೇ ಎಂಬುದು ಗೊತ್ತಿರಲಿಲ್ಲ.

ಬೆಳಿಗ್ಗೆ ಗೌಡನ ಮನೆಯ ಮುಂದೆ ಹೋಗಿ ಎಲ್ಲರನ್ನೂ ಕರೆಸಿ ಎಂದೆ. ಬಂದರು. ಹೆತ್ತೆಯೂ ಬಂದು ಹಿಂದೆ ನಿಂತಳು.

"ನೀವು ಯಾರೂ ಉಜ್ಜಿಲ್ಲ. ಮದ್ದೂ ಕೆಟ್ಟಿರಲಿಲ್ಲ," ಎಂದೆ. "ತೋಳು ಒಣಗುವವರೆಗೆ ಕಾಯಬೇಕಿತ್ತು, ನಾನು ಕಾಯಲಿಲ್ಲ. ಸಿಟ್ಟಿನಲ್ಲಿ, ಆತುರದಲ್ಲಿ ಹಾಕಿದೆ. ಅದಕ್ಕೇ ಏಳಲಿಲ್ಲ. ಹೆತ್ತೆ ಹೇಳಿದ್ದೇ ಸರಿ. ಇನ್ನೊಮ್ಮೆ ಹಾಕಬೇಕು, ಇವತ್ತೇ ಹಾಕಬೇಕು." ಹೆತ್ತೆಯ ಮುಂದೆ ಹೋಗಿ ತಲೆ ಬಾಗಿಸಿದೆ. ನಮ್ಮ ಮನೆತನದವರು ಅಲ್ಲಿ ಯಾರಿಗೂ ತಲೆ ಬಾಗಿಸಿದ್ದನ್ನು ಅವರು ನೋಡಿರಲಿಲ್ಲ. ಹಿಂದೆ ನಿಂತವರಲ್ಲಿ ಗುಜುಗುಜು ಎದ್ದಿತು. ಹೆತ್ತೆಯ ಕೈ ನನ್ನ ತಲೆಯ ಮೇಲೆ ಬಿತ್ತು.

ಗೌಡ ಮುಂಡಾಸು ಬಿಚ್ಚಿ ಮತ್ತೆ ಸುತ್ತಿಕೊಂಡ. "ಅಯ್ಯಾ, ರಾತ್ರಿಯೇ ನಂಗ ಮಾತಾಡಿ ಮುಗಿಸಿದ್ದೆವು," ಎಂದ. "ಮದ್ದು ಕೆಟ್ಟಿತು ಎಂದು ನಿಂಗ ಹೇಳಿದ್ದರೆ ಈ ಹಟ್ಟಿಯಲ್ಲಿ ಒಂದು ಕೈಯೂ ನೀಡೋದಿಲ್ಲೆ ಎಂದು. ಈಗ ಎನ್ನ ಮೊಮ್ಮಗನಿಂದಲೇ ಸುರು ಮಾಡಿ."

ಆಗಲೇ ಹೆತ್ತೆ ಬಾಯಿ ತೆರೆದದ್ದು. "ಮಾದಿ ಇಲ್ಲಿ ಇಲ್ಲೆ," ಎಂದಳು. "ಅವಳವ್ವೆ ತವರಿಗೆ ಕರೆದುಕೊಂಡು ಹೋದಳು. ಎಸ್ಟೇಟಿನ ಕೆಳಗಿನ ಹಟ್ಟಿ. ನೀ ಕುತ್ತಿದ ಮಾರನೇ ದಿನ. ಅಲ್ಲಿ ಅಮ್ಮ ಇದೆ, ಬೇಡ ಎಂದೆ. ಕುತ್ತಿದೆಯಲ್ಲಾ, ಇನ್ನು ಬರೋದಿಲ್ಲೆ ಎಂದು ಅಯ್ಯನೇ ಹೇಳಿದನಲ್ಲಾ ಎಂದಳು."

ಗೌಡ ಕೂಡಲೇ ಒಬ್ಬನನ್ನು ಓಡಿಸಿದ. ನಾನು ಪೆಟ್ಟಿಗೆ ತೆರೆದೆ. ಗೌಡನ ಮನೆಯೊಳಗೆ ಒಲೆಯ ಹತ್ತಿರ ಕುಳಿತು ಒಂದೊಂದೇ ಮಗುವನ್ನು ಕರೆಸಿದೆ. ಒರೆಸುವುದು, ಒಲೆಯ ಕಾವಿಗೆ ತೋಳು ಹಿಡಿಸಿ ಕೂರಿಸುವುದು, ನಲವತ್ತು ಉಸಿರು ಎಣಿಸುವುದು. ಎಣಿಸುವಷ್ಟು ಹೊತ್ತು ಮಗುವಿನ ಮುಖ ನೋಡದೆ ಬೇರೆ ಉಪಾಯವಿರಲಿಲ್ಲ. ನಿನ್ನ ಎಮ್ಮೆಯ ಹೆಸರೇನು ಎಂದು ಕೇಳಿದರೆ ಅಳುವವರೂ ಹೇಳುತ್ತಿದ್ದರು. ಸಿಟ್ಟು ಬಾರದೆ ಇರಲಿಲ್ಲ. ಸೊಂಟ ನೋಯುತ್ತಿತ್ತು, ಒಲೆಯ ಹೊಗೆಗೆ ಕಣ್ಣು ಉರಿಯುತ್ತಿತ್ತು. ಬಂದಾಗಲೆಲ್ಲ ಲ್ಯಾನ್ಸೆಟ್ಟು ಕೆಳಗಿಟ್ಟು ಕೇಳಿದೆ. ಹೆಚ್ಚಿನ ಸಲ ಬಂದ ಉತ್ತರ ಬಹಳ ಸಣ್ಣದು: ಹಸಿವು, ಅಥವಾ ನಿದ್ದೆ. ಒಂದು ಲೋಟ ಹಾಲು ಕೇಳಿ ಕುಡಿದರೆ ಅದು ಹೊರಟು ಹೋಗುತ್ತಿತ್ತು. ಅರ್ಧ ದಿನದಲ್ಲಿ ಮುಗಿದದ್ದು ಈ ಸಲ ಎರಡು ದಿನ ಹಿಡಿಯಿತು.

ಮಾದಿ ಬಂದದ್ದು ಮೂರನೆಯ ದಿನ. ತವರಿನವರು ಕಳುಹಿಸಲು ಒಪ್ಪಿರಲಿಲ್ಲವಂತೆ. ಜ್ವರವಿರಲಿಲ್ಲ. ಅವಳಿಗೂ ಹಾಕಿದೆ, ನಲವತ್ತು ಎಣಿಸಿಯೇ ಹಾಕಿದೆ. ಆದರೆ ರೋಗ ತವರಿನಲ್ಲಿಯೇ ಅವಳಿಗೆ ಅಂಟಿಯಾಗಿತ್ತು. ಐದನೆಯ ದಿನ ಜ್ವರ ಬಂತು, ಬೆನ್ನು ನೋವು ಬಂತು. ಆಮೇಲೆ ಮುಖದ ಮೇಲೆ ಅಮ್ಮ ಕಾಣಿಸಿಕೊಂಡಿತು. ಹಟ್ಟಿಯ ಹೊರಗಿನ ಗುಡಿಸಲಿನಲ್ಲಿ ಹೆತ್ತೆಯೊಬ್ಬಳೇ ಅವಳ ಜೊತೆಗಿದ್ದಳು. ಉಳಿದ ಮಕ್ಕಳ ತೋಳು ಎಂಟನೆಯ ದಿನಕ್ಕೆ ಎದ್ದು ನಿಂತಿದ್ದವು. ಹಟ್ಟಿಯಲ್ಲಿ ಬೇರೆ ಯಾರಿಗೂ ಬರಲಿಲ್ಲ.

ಇನ್ಸ್‌ಪೆಕ್ಟರರಿಗೆ ಇದ್ದದ್ದನ್ನು ಇದ್ದ ಹಾಗೆ ಬರೆದೆ. ಅವರು ಕೂಗಾಡಲಿಲ್ಲ. ಇಷ್ಟು ಉದ್ದ ಬರೆಯುವ ಅಗತ್ಯವಿರಲಿಲ್ಲ, ಲಿಂಫು ಕೆಟ್ಟಿತ್ತು ಎಂದರೆ ಸಾಕಾಗಿತ್ತು ಎಂದರು. ತಿಂಗಳು ಕಳೆದ ಮೇಲೆ ಮಸಿನಗುಡಿಗೆ ವರ್ಗವಾಗಿದೆ ಎಂಬ ಆಜ್ಞೆ ಬಂತು. ಜ್ವರದ ಕಾಡು, ಹಂಗಾಮಿಗಳನ್ನು ಕಳುಹಿಸುವ ಜಾಗ. ಖಾಯಂ ಮಾಡುವ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ.

ಹೊರಡುವ ಮೊದಲು ಏಣಿನ ಹಟ್ಟಿಯ ಪಟ್ಟಿಯನ್ನು ಮುಗಿಸಿ ಒಪ್ಪಿಸಬೇಕಿತ್ತು. ಹೋದೆ. ಮಂಜು ಸರಿದು ಬಿಸಿಲು ಬಿದ್ದಿತ್ತು. ಒಂದೊಂದೇ ತೋಳು ನೋಡಿ, ನಾಲ್ಕು ಕಲೆ ಇದ್ದವರ ಹೆಸರಿನ ಮುಂದೆ ಗುರುತು ಹಾಕುತ್ತ ಹೋದೆ. ಕೊನೆಗೆ ಒಂದು ಹೆಸರು ಉಳಿಯಿತು. ಹೆತ್ತೆ ಅವಳನ್ನು ಕೈ ಹಿಡಿದು ಕರೆತಂದಳು. ಮಾದಿಯ ಮುಖದ ತುಂಬ ಕುಳಿ. ಬಲಗಣ್ಣಿನ ಮೇಲೆ ಬಿಳಿಯ ಪೊರೆ ಕೂತಿತ್ತು. ಉಳಿದ ಕಣ್ಣಿನಿಂದ ಅವಳು ಮೊದಲಿನಂತೆಯೇ ನನ್ನ ಮುಖವನ್ನು ನೋಡುತ್ತ ನಿಂತಳು.

ನಮ್ಮ ಪಟ್ಟಿಯಲ್ಲಿ ಒಂದು ನಿಯಮವಿದೆ. ಸಿಡುಬು ಬಂದು ಉಳಿದವರಿಗೆ ಮತ್ತೆ ಅದು ಬರುವುದಿಲ್ಲವಾದ್ದರಿಂದ, ಅಂಥವರನ್ನು ದಾಕು ಎದ್ದವರ ಜೊತೆಯಲ್ಲಿಯೇ 'ರಕ್ಷಿತರು' ಎಂಬ ಸಾಲಿನಲ್ಲಿ ಸೇರಿಸಬೇಕು. ಸೇರಿಸದಿದ್ದರೆ ಹಟ್ಟಿಯ ಮೊತ್ತ ಸರಿಹೋಗುವುದಿಲ್ಲ. ನಾನು ಪೆನ್ನು ತೆಗೆದೆ. ಎದೆಯಲ್ಲಿ ಭಾರ ತುಂಬಿತ್ತು. ಇದು ಯಾರದು, ಯಾವ ಮನೆಯದು ಎಂದು ಕೇಳುವ ಕೆಲಸವಿರಲಿಲ್ಲ. ನನ್ನದೇ, ನನ್ನ ಮನೆಯಲ್ಲಿಯೇ ಇರಲು ಬಂದದ್ದು. ಬರೆದೆ.

"ಏನ ಬರೆದೆ?" ಎಂದು ಹೆತ್ತೆ ಕೇಳಿದಳು.

"ಇವಳಿಗೆ ಇನ್ನು ಅಮ್ಮನ ಭಯವಿಲ್ಲ ಎಂದು."

"ಅದು ದಿಟ," ಎಂದಳು. ಸ್ವಲ್ಪ ಹೊತ್ತು ಆ ಅಕ್ಷರಗಳನ್ನೇ ನೋಡಿದಳು, ಅವಳಿಗೆ ಓದಲು ಬಾರದು. ಆಮೇಲೆ ಹಚ್ಚೆಯ ಕೈಯನ್ನು ಮೊಮ್ಮಗಳ ತಲೆಯ ಮೇಲಿಟ್ಟು ಹೇಳಿದಳು, "ನೀ ಉಳಿಸಿದ್ದು ಅಲ್ಲ ಎಂದೂ ಬರೆ."

ಕೊನೆಯ ಸಾಲಿನಲ್ಲಿ ಷರಾ ಬರೆಯಲು ಸ್ವಲ್ಪ ಜಾಗವಿತ್ತು. ಅವಳು ಹೇಳಿದ್ದನ್ನು ಹಾಗೆಯೇ ಬರೆದು, ಅವಳಿಗೆ ಓದಿ ಹೇಳಿ, ಕೆಳಗೆ ರುಜು ಹಾಕಿದೆ.